ರೊಟ್ಟಿ ಮುರಿಯದ ಬೀಗಿತ್ತಿ

ಸಮರ್‌ಕಂದಿನಲ್ಲಿ ಹಿರಿಯರು ರೊಟ್ಟಿ ಮುರಿದರೆ ಮದುವೆ ನಿಶ್ಚಯವಾದಂತೆ. ಹುಡುಗಿಯ ಮನೆಗೆ ಬಂದ ಹುಡುಗನ ತಾಯಿ ಸಬೋಹತ್ ಕೈಗೆತ್ತಿಕೊಂಡ ರೊಟ್ಟಿಯನ್ನು ಮುರಿಯದೆ ಕೆಳಗಿಟ್ಟಳು. "ಹುಡುಗಿಯ ತಮ್ಮನಿಗೆ ಗೋಧಿ ಆಗದ ಸೀಲಿಯಾಕ್ ಕಾಯಿಲೆಯಂತೆ. ಇವಳಲ್ಲೂ ಅದರ ಜೀನ್ ಇದೆಯಂತೆ. ನಮ್ಮದು ರೊಟ್ಟಿ ಸುಡೋ ಮನೆ ಕಣ್ರೀ!"

ಒಳಗೇ ಕೂತಿರಬೇಕಾದ ಹುಡುಗಿ ದಿಲ್ಫುಜಾ ಸೀದಾ ಹೊರಬಂದು, ಹೆಸರು ಕಾಣದಂತೆ ಮಡಚಿದ ರಕ್ತಪರೀಕ್ಷೆಯ ರಿಪೋರ್ಟನ್ನು ಸಬೋಹತ್ ಮುಂದೆ ಹಿಡಿದಳು. "ಓದಿ ಅಮ್ಮಾ."

"ಜೀನ್ ಇದೆ! ನಾನು ಹೇಳ್ಲಿಲ್ವಾ? ಇಂಥವರು ನಾಳೆ ರೊಟ್ಟಿ ಕಂಡ್ರೆ ಓಡಿಹೋಗ್ತಾರೆ."

"ಕೆಳಗೂ ಓದಿ. ದಿನಾ ರೊಟ್ಟಿ ತಿಂತಿರುವಾಗಲೇ ಕೊಟ್ಟ ರಕ್ತ, ಕಾಯಿಲೆ ಇದ್ದಿದ್ರೆ ಕಾಣಬೇಕಿತ್ತು. ಕಾಯಿಲೆಯ ಗುರುತಿಲ್ಲ. ಜೀನ್ ಇದ್ದೋರಿಗೆಲ್ಲ ಕಾಯಿಲೆ ಬರಲ್ಲ ಅಂದ್ರು ಡಾಕ್ಟ್ರು. ಬಂದ್ರೆ ಆಗ ನೋಡ್ಕೋತೀನಿ. ನನ್ನ ರಿಪೋರ್ಟೂ ಹೀಗೇ ಇದೆ."

"ನಿನ್ನದೂ ಅಂದ್ರೆ? ಇದು ಯಾರದ್ದು?"

ದಿಲ್ಫುಜಾ ಮಡಿಕೆ ಬಿಡಿಸಿದಳು. "ನಿಮ್ಮ ಮಗಂದು. ರಕ್ತ ಕೊಡೋಕೆ ಹೋದಾಗ ನನ್ನ ಜೊತೆ ಬಂದವರು ತಾವೂ ತೋಳು ಚಾಚಿದ್ರು. ನಾನಂತೂ ಅವರನ್ನ ಬೇಡ ಅನ್ನಲ್ಲ. ನೀವೇನಂತೀರಿ?"

ಸಬೋಹತ್ ರಿಪೋರ್ಟು ನೋಡಿದಳು, ಹುಡುಗಿಯನ್ನು ನೋಡಿದಳು, ಮೂವತ್ತು ವರ್ಷದಿಂದ ತಂದೂರಿನ ಮುಂದೆ ನಿಂತೇ ರೊಟ್ಟಿ ತಿನ್ನುವ, ಪಕ್ಕದಲ್ಲೇ ಇದ್ದ ಗಂಡನನ್ನೂ ನೋಡಿದಳು. ಫಟ್ಟನೆ ರೊಟ್ಟಿ ಮುರಿದು, "ಈ ಜೀನ್ ಖಂಡಿತ ಇವರ ಕಡೆಯಿಂದ ಬಂದದ್ದು!" ಎಂದು ಅವನತ್ತ ಬೆರಳು ತೋರಿಸಿ, ಎಲ್ಲರಿಗಿಂತ ಜೋರಾಗಿ ನಕ್ಕಳು.