ಐದು ಮನೆಯ ಟೊಪ್ಪಿ

ಗಂಜಿ ಸೋಸಿದ ಬಟ್ಟೆಯನ್ನು ಹಿಂಡಿ ಬದಿಗಿಟ್ಟು ಆಯಿಶುಮ್ಮ ಬುಟ್ಟಿಗೆ ಕೈಹಾಕಿದಳು. ಅದ್ದಿ ಒಣಗಿಸುವುದಕ್ಕೆ ಇದ್ದದ್ದು ಬೆರಳೆಣಿಕೆಯ ಟೊಪ್ಪಿಗಳು. ಇಷ್ಟಕ್ಕೆ ಇಷ್ಟು ಗಂಜಿ ಬೇಯಿಸಿದ್ದೇ ದಂಡವಾಯಿತೆನಿಸಿತು. ಟೊಪ್ಪಿಯ ಕಟ್ಟುಗಳನ್ನು ಕುಂಬಳೆ ಸ್ಟೇಷನ್ನಿಗೆ ಒಯ್ದು ಬೊಂಬಾಯಿಗೆ ಹಾಕುತ್ತಿದ್ದ ಅದ್ರಾಮ ಆಗಲೇ ಬಂದು ಜಗಲಿಯಲ್ಲಿ ಕೂತಿದ್ದ.

"ಇಷ್ಟೆಯಾ? ಇದಕ್ಕೆ ಕಟ್ಟು ಯಾಕೆ, ನನ್ನ ಸೊಂಟದಲ್ಲೇ ಸಿಕ್ಕಿಸಿಕೊಂಡು ಹೋಗ್ತೇನೆ," ಅಂದ ಅವನು. "ಮೊಯ್ದೀನಿಚ್ಚನ ಕಾಗದಕ್ಕೆ ಜವಾಬು ಉಂಟಾ, ಈ ಸಲವಾದರೂ?"

ಜವಾಬು ಇರಲಿಲ್ಲ. ಬೊಂಬಾಯಿಯ ಟೊಪ್ಪಿ ಅಂಗಡಿಯಲ್ಲಿ ಕೆಲಸಕ್ಕಿದ್ದ ತಮ್ಮ ಮೊಯ್ದೀನ್ ಮಳೆಗಾಲಕ್ಕೆ ಮೊದಲೇ ಕೇಳಿ ಬರೆದಿದ್ದ: ತಿಂಗಳಿಗೆ ಎಷ್ಟು ಟೊಪ್ಪಿ ತಪ್ಪದೆ ಕೊಡುತ್ತೀರಿ, ಬೇಗ ತಿಳಿಸು, ಇಲ್ಲವಾದರೆ ಧಣಿ ಮೆಶಿನ್ನಿನವರಿಗೆ ಹೇಳಿಬಿಡುತ್ತಾರೆ. ಹಾಗೆ ಹೇಳಿಬಿಟ್ಟರೆ ಆರಿಕ್ಕಾಡಿಯ ಆ ಐದು ಮನೆಗಳಿಗೆ ಬೇರೆ ಸಂಪಾದನೆ ಇರಲಿಲ್ಲ.

ಮೊದಲೆಲ್ಲ ಒಬ್ಬೊಬ್ಬಳೂ ಒಂದೊಂದು ಟೊಪ್ಪಿಯನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಮಾಡುತ್ತಿದ್ದಳು. ಲಡಾಯಿ ಮುಗಿದು ಬಿಳಿ ಬಟ್ಟೆ ಮತ್ತೆ ಸಿಗತೊಡಗಿದಾಗ, ಒಬ್ಬರಿಗೆ ಒಂದೇ ಕೆಲಸ ಕೊಡು, ಮಿಲ್ಲಿನಲ್ಲಿ ಹಾಗೆಯೇ ಮಾಡುವುದು ಎಂದು ಮೊಯ್ದೀನನೇ ಹೇಳಿಕೊಟ್ಟಿದ್ದ. ಆಯಿಶುಮ್ಮ ಬಟ್ಟೆಯ ಮೇಲೆ ಸ್ಕೇಲಿಟ್ಟು ಗೆರೆ ಹಾಕುವಳು. ಎದುರುಮನೆಯ ಹುಡುಗಿಯರು ಗೆರೆ ಹಿಡಿದು ಹೊಲಿಯುವರು. ಕೊನೆಯ ಮನೆಯ ಕುಂಞಾಮಿನ ಹೊಲಿಗೆಯ ಸಾಲುಗಳ ನಡುವೆ ಎಳ್ಳಿನಷ್ಟು ಸಣ್ಣ ತೂತು ಮಾಡಿ ಸುತ್ತಲೂ ನೂಲು ಕಟ್ಟುವಳು. ಅಲ್ಲಿಂದ ತೊಳೆದು ಗಂಜಿ ಹಾಕಲು ಪುನಃ ಆಯಿಶುಮ್ಮನ ಕೈಗೆ. ಕಾಗದ ಬಂದ ಮೇಲೆ ಅವಳು ಹೆಚ್ಚು ಬಟ್ಟೆಗೆ ಗೆರೆ ಹಾಕಿದಳು, ಉಳಿದ ಎರಡು ಮನೆಗೂ ಸೂಜಿ ಕೊಟ್ಟಳು. ಹೊಲಿಗೆಯೇನೋ ಜೋರಾಯಿತು. ಗಂಜಿಯ ಪಾತ್ರೆಗೆ ಬರುವ ಟೊಪ್ಪಿ ಮಾತ್ರ ಒಂದೂ ಹೆಚ್ಚಲಿಲ್ಲ. ಎಲ್ಲ ಹೋಗಿ ಕುಂಞಾಮಿನಳ ಜಗಲಿಯಲ್ಲಿ ರಾಶಿ ಬೀಳುತ್ತಿತ್ತು.

ಕುಂಞಾಮಿನಳನ್ನು ಕೆಲಸದಿಂದ ಬಿಡಿಸಬೇಕು ಎಂದು ಆಯಿಶುಮ್ಮ ಮಳೆಗಾಲದಲ್ಲೇ ನಿಶ್ಚಯಿಸಿದ್ದಳು. ಅದನ್ನೇ ತಮ್ಮನಿಗೆ ಬರೆಯಬೇಕಿತ್ತು. ಆದರೆ ಐದು ಮನೆಗಳಲ್ಲಿ ಬರೆಯಲು ಬರುತ್ತಿದ್ದದ್ದು ಕನ್ನಡ ಶಾಲೆಗೆ ಹೋಗಿದ್ದ ಕುಂಞಾಮಿನಳಿಗೆ ಒಬ್ಬಳಿಗೇ. ಅವಳ ಮೇಲಿನ ದೂರನ್ನು ಅವಳ ಕೈಯಲ್ಲೇ ಬರೆಸುವುದು ಹೇಗೆ? ಕಾಗದ ಹಾಗೆಯೇ ಉಳಿದಿತ್ತು.

"ಏಳು," ಎಂದು ಅದ್ರಾಮನನ್ನು ಎಬ್ಬಿಸಿಕೊಂಡು ಆಯಿಶುಮ್ಮ ಕೊನೆಯ ಮನೆಗೆ ನಡೆದಳು. ಕುಂಞಾಮಿನ ಬಾಗಿಲ ಬೆಳಕಿಗೆ ಕೂತು ಸೂಜಿಯ ಮೊನೆಯಿಂದ ಹೊಲಿಗೆ ಬಿಚ್ಚುತ್ತಿದ್ದಳು.

"ಹೊಲಿದು ಕಳಿಸಿದ್ದನ್ನು ನೀನು ಬಿಚ್ಚುತ್ತಾ ಕೂತರೆ ಹೇಗೆ, ಮಾರಾಯ್ತಿ?"

"ಕೆಲವು ಸರಿ ಮಾಡ್ಲಿಕ್ಕೆ ಉಂಟು, ಮಾಮಿ."

"ಕೆಡಿಸಿದ್ದು ಯಾರು, ಹೇಳು. ಆ ಹುಡುಗಿಯರ ಕೈಗೆ ಎರಡು ಕೊಡ್ತೇನೆ."

"ಅವರ ಹೊಲಿಗೆ ಗೆರೆಯ ಮೇಲೆಯೇ ಉಂಟು."

"ಮತ್ತೆ?"

"ಮತ್ತೆ ಎಂತ ಇಲ್ಲ," ಎಂದು ಕುಂಞಾಮಿನ ನೂಲನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದಳು.

ಆಯಿಶುಮ್ಮ ಒಂದು ಟೊಪ್ಪಿಯನ್ನೆತ್ತಿ ಮೂಗಿನ ಹತ್ತಿರ ಹಿಡಿದಳು. ಬಿಳಿ ಬಟ್ಟೆ, ಬಿಳಿ ನೂಲು. ಎರಡೂ ಸೇರಿ ಹಾಲಿನ ಹಾಗೆ ಕಂಡಿತು. "ನೇರವೇ ಉಂಟಲ್ಲ," ಅಂದಳು. ಕುಂಞಾಮಿನ ಮತ್ತೊಂದು ಟೊಪ್ಪಿ ತೆಗೆದು ಬಿಚ್ಚತೊಡಗಿದಳು. ಅದೇ ಆಯಿಶುಮ್ಮನಿಗೆ ಸಿಟ್ಟು ತರಿಸಿತು. "ಕಾಗದ ತೆಗೆ. ಬರೆ. ತೂತಿನ ಕೆಲಸಕ್ಕೆ ಬೇರೆ ಆಳು ನೋಡ್ತಿದ್ದೇನೆ, ಅದರಿಂದ ತಡ ಆಯಿತು ಅಂತ."

ಕುಂಞಾಮಿನ ಕಾಗದ ತೆಗೆದಳು. ಪೆನ್ಸಿಲು ನಿಂತಿತು. ಆಮೇಲೆ ಸ್ವಲ್ಪ ಓಡಿತು.

ಇವರ ಮಾತು ಮುಗಿಯುವ ಹಾಗೆ ಕಾಣದೆ ಬೇಸತ್ತ ಅದ್ರಾಮ ರಾಶಿಯಿಂದ ಒಂದು ಟೊಪ್ಪಿ ತೆಗೆದು ತಲೆಗಿಟ್ಟು ಅಂಗಳದ ತುದಿಗೆ ಹೋಗಿದ್ದ. "ಹೇಗುಂಟು? ಮದುಮಗನ ಹಾಗೆ ಇಲ್ವಾ?"

ಗದರಿಸಲೆಂದು ಆಯಿಶುಮ್ಮ ತಲೆಯೆತ್ತಿದಳು. ಹೊಳೆಯಲ್ಲಿ ಬರುವ ದೋಣಿ ಯಾರದೆಂದು ಈಗಲೂ ಎಲ್ಲರಿಗಿಂತ ಮೊದಲು ಹೇಳುವ ಕಣ್ಣು ಅದು. ಅದ್ರಾಮನ ಹಣೆಯ ಮೇಲೆ ಹೊಲಿಗೆಯ ಸಾಲುಗಳು ಮರಳಿನಲ್ಲಿ ಏಡಿ ಓಡಿದ ಹಾಗೆ ಹೋಗಿದ್ದವು.

"ಅಲ್ಲೇ ನಿಲ್ಲು. ಸುತ್ತ ತಿರುಗು."

ಅವನು ತಿರುಗಿದ. ಸುತ್ತಲೂ ಹಾಗೆಯೇ ಇತ್ತು.

"ನನ್ನ ಗೆರೆ ಹೀಗೆ ಅಂತ ಎಲ್ಲರಿಗೂ ಗೊತ್ತುಂಟಾ?" ಕುಂಞಾಮಿನಳ ಕಡೆ ತಿರುಗಿ ಆಯಿಶುಮ್ಮ ಕೇಳಿದಳು.

"ಉಂಟು, ಮಾಮಿ. ನಿಮ್ಮ ಕೈಯಿಂದ ಸ್ಕೇಲು ತೆಗೆಯುವುದು ಯಾರು?"

"ಈಗ ಬರೆದದ್ದನ್ನು ಹೊಡೆದು ಹಾಕು."

"ಅದನ್ನು ನಾನು ಬರೆಯಲೇ ಇಲ್ಲ," ಅಂದಳು ಕುಂಞಾಮಿನ. "ಕ್ಷೇಮ ಅಂತ ಬರೆದೆ."

ಆಯಿಶುಮ್ಮನಿಗೆ ನಗು ಬಂತು, ನಗಲಿಲ್ಲ. "ಬಿಚ್ಚುವ ಕೆಲಸ ಇಲ್ಲದಿದ್ದರೆ ನಿನ್ನಿಂದ ಎಷ್ಟು ಆಗ್ತದೆ?"

"ಈಗಿನ ಎರಡರಷ್ಟು ಆದೀತು."

"ಅಷ್ಟೇ ಬರೆ. ಒಂದೂ ಜಾಸ್ತಿ ಬೇಡ. ನೀನು ಮುಗಿಸಿದಷ್ಟೇ ನಮ್ಮ ಐದು ಮನೆಯ ಟೊಪ್ಪಿ. ಸ್ಕೇಲು ಎದುರುಮನೆಯ ದೊಡ್ಡವಳಿಗೆ ಇರಲಿ. ನಿನಗೆ ಬೇಡ, ನೀನು ತೂತು ಬಿಟ್ಟು ಬೇರೆ ಎಂತದಕ್ಕೂ ಕೈ ಹಾಕಬಾರದು. ನನಗೆ ಗಂಜಿ ಉಂಟು."

"ತಡ ಆದದ್ದಕ್ಕೆ? ಮಳೆ ಅಂತ ಬರೆಯಲಾ?"

"ಎಂತದೂ ಬೇಡ. ಮಡಚು." ಆಯಿಶುಮ್ಮ ಅದ್ರಾಮನನ್ನು ಕರೆದು ಅವನ ತಲೆಯ ಟೊಪ್ಪಿ ತೆಗೆದು, ಕಾಗದವನ್ನು ಅದರೊಳಗೆ ಇಟ್ಟು, ಪುನಃ ಅವನ ತಲೆಗೇ ಒತ್ತಿದಳು. "ಸ್ಟೇಷನ್ನಿನ ತನಕ ಹೀಗೇ ಹೋಗು. ಅಲ್ಲಿ ಟೊಪ್ಪಿಯನ್ನೂ ಕಾಗದದ ಒಟ್ಟಿಗೆ ಕಟ್ಟಿ ಹಾಕು."

"ಇದು ಸೊಟ್ಟ ಉಂಟಲ್ಲ?"

"ಅದಕ್ಕೇ. ತಡ ಆದದ್ದಕ್ಕೆ ಜವಾಬು ಅದೇ."

ಅದ್ರಾಮ ರೈಲು ಹಳಿಯ ಬದಿಯಲ್ಲಿ ಕುಂಬಳೆಯ ಕಡೆಗೆ ನಡೆದ. ಆಯಿಶುಮ್ಮ ಅಂಗಳದ ತುದಿಯಲ್ಲಿ ನಿಂತು ನೋಡಿದಳು. ಅವನು ದೂರ ಹೋದಷ್ಟೂ ಅವಳು ಹಾಕಿದ ಗೆರೆ ಅವಳಿಗೆ ಸ್ಪಷ್ಟವಾಗುತ್ತಾ ಹೋಯಿತು.