ಕರಿಹಲಗೆಗೆ ಬೆನ್ನು

ತರಗತಿಯ ಹಿಂದೆ, ಹೊಸ ಟವೆಲ್ ಹೊದಿಸಿ ಇಟ್ಟಿದ್ದ ಅತಿಥಿಯ ಕುರ್ಚಿಯನ್ನು ಜಪಾನಿನಿಂದ ಬಂದ ಕಜುಕೊ ತಾವೇ ಎತ್ತಿಕೊಂಡರು. ಮಕ್ಕಳ ಪಕ್ಕದಲ್ಲೇ ನಡೆದು ಮುಂದೆ ಬಂದು, ಅದನ್ನು ಕರಿಹಲಗೆಯ ಪಕ್ಕ ಇಟ್ಟು, ಹಲಗೆಗೆ ಬೆನ್ನು ಮಾಡಿ ಕೂತರು. ಸೀಮೆಸುಣ್ಣ ಹಿಡಿದು ಪಾಠಕ್ಕೆ ನಿಂತಿದ್ದ ತ್ರಿಪುರಸುಂದರಿ ಅವರಿಗೆ ಕಾಣುವಂತೆಯೇ ಇರಲಿಲ್ಲ.

"ಮೇಡಂ, ಮೇಡಂ, ದೇರ್, ಬ್ಯಾಕ್ ಸೈಡ್!" ಎಂದು ಸುಬ್ಬರಾಯರು ಧಾವಿಸಿ ಬಂದರು. ತಾಲ್ಲೂಕಿನ ಶಿಕ್ಷಕರ ತರಬೇತಿ ಅವರ ಹೊಣೆ. ಎರಡು ದೇಶಗಳ ಶಿಕ್ಷಕರು ಒಬ್ಬರ ಪಾಠ ಒಬ್ಬರು ನೋಡಿ ಕಲಿಯುವ ಕಾರ್ಯಕ್ರಮ ನರಸಿಂಹರಾಜಪುರಕ್ಕೆ ಬಂದದ್ದೇ ಅವರ ಓಡಾಟದಿಂದ. ನರೆಗೂದಲಿನ ಆ ಹೆಂಗಸು ನಕ್ಕು ತಲೆಬಾಗಿದರು. ಏಳಲಿಲ್ಲ. ಗೋಡೆಗುಂಟ ನಿಂತಿದ್ದ ಶಿಕ್ಷಕರಲ್ಲಿ ದಾವಣಗೆರೆ ಕಡೆಯ ವೀರಬಸಮ್ಮ ಪಿಸುಗುಟ್ಟಿದಳು: "ಏನ್ರೀ ಸುಂದರಿ ಟೀಚರ್, ಅಷ್ಟು ದೂರದಿಂದ ಬಂದು ನಿಮಗ ಬೆನ್ನು ತೋರ್ಸಿ ಕುಂತ್ರಲ್ಲ!"

ತ್ರಿಪುರಸುಂದರಿಗೆ ನಗು ಬರಲಿಲ್ಲ. ಈ ಪಾಠ ಮೆಚ್ಚುಗೆಯಾದರೆ ಅವಳು ತರಬೇತುದಾರಳಾಗಿ ಕೊಪ್ಪಕ್ಕೆ ಹೋಗುತ್ತಾಳೆ. ವರ್ಷಗಳಿಂದ ಕಾಯುತ್ತಿದ್ದದ್ದು ಅದಕ್ಕೇ. ಜಾಣ ಮಕ್ಕಳನ್ನು ಮುಂದೆ ಕೂರಿಸಿದ್ದಳು. ಒಂದು ಲೆಕ್ಕವನ್ನೂ ಸರಿಯಾಗಿ ಮಾಡದ ಚೈತ್ರಳನ್ನು ನಡುವಿನ ಕಂಬಕ್ಕೆ ಒರಗಿಸಿ ಕೂರಿಸಿದ್ದಳು, ಹಿಂದಿನ ಕುರ್ಚಿಯಿಂದ ನೋಡಿದರೆ ಕಾಣಬಾರದೆಂದು. ಈಗ ಕುರ್ಚಿ ಮುಂದೆ ಬಂದಿತ್ತು. ಕಂಬ ಯಾರನ್ನೂ ಮರೆಮಾಡುವಂತಿರಲಿಲ್ಲ.

ಹಲಗೆಯ ಮೇಲೆ ಐವತ್ತೆರಡು ಬರೆದು, ಕೆಳಗೆ ಇಪ್ಪತ್ತೇಳು ಬರೆದು, ಕಳೆಯಿರಿ ಎಂದಳು. "ಎರಡರಲ್ಲಿ ಏಳು ಹೋಗುತ್ತಾ?" "ಇಲ್ಲಾ ಟೀಚರ್!" "ಹಾಗಾದರೆ ಏನು ಮಾಡೋಣ?" "ದಶಕದಿಂದ ತರೋಣ ಟೀಚರ್!" ಬಣ್ಣದ ಕಡ್ಡಿಗಳ ಕಟ್ಟು ಬಿಚ್ಚಿ ತೋರಿಸಿದಳು. ಎಲ್ಲೂ ತಡವರಿಸಲಿಲ್ಲ. ಸ್ಲೇಟು ನೋಡುತ್ತ ಬಂದಾಗ ಚೈತ್ರಳದ್ದರಲ್ಲಿ ಮೂವತ್ತೈದು ಎಂದಿತ್ತು. ನೋಡದವಳ ಹಾಗೆ ಮುಂದೆ ಸರಿದಳು. ಪಾಠ ಮುಗಿದಾಗ ಶಿಕ್ಷಕರೆಲ್ಲ ಚಪ್ಪಾಳೆ ತಟ್ಟಿದರು.

ಮಕ್ಕಳು ಬಿಸಿಯೂಟಕ್ಕೆ ಹೋದ ಮೇಲೆ ಸುಬ್ಬರಾಯರು ಕೈ ಉಜ್ಜಿಕೊಂಡು, "ಹೌ ಈಸ್ ಅವರ್ ಟೀಚರ್, ಮೇಡಂ?" ಎಂದರು. ಕಜುಕೊ ಮೆಲ್ಲಗೆ, ತಡೆತಡೆದು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಸುಬ್ಬರಾಯರು ಕನ್ನಡಕ ತೆಗೆದು ಒರೆಸತೊಡಗಿದರು.

"ಎಂತ ಹೇಳಿದ್ರು ಸರ್?" ತ್ರಿಪುರಸುಂದರಿ ಕೇಳಿದಳು.

"ಎಂತ ಇಲ್ಲ ಬಿಡಿ."

"ಬೈದಿದ್ರೂ ಪರವಾಗಿಲ್ಲ. ಹೇಳಿ."

"ಕ್ಷಮಿಸಬೇಕಂತೆ. ಟೀಚರನ್ನ ಅವರು ನೋಡಲೇ ಇಲ್ಲವಂತೆ ಮಾರಾಯ್ರೆ! ಪಾಠ ಎಲ್ಲಿ ನಡೀತದೋ ಅಲ್ಲಿ ನೋಡೋದು ಅವರ ಪದ್ಧತಿಯಂತೆ."

"ಮತ್ತ ಪಾಠ ನಡೆದದ್ದೆಲ್ಲಿ, ಅಡುಗಿ ಮನ್ಯಾಗಾ?" ವೀರಬಸಮ್ಮ ಅಂದಳು. ಎಲ್ಲರೂ ನಕ್ಕರು.

ಕಜುಕೊ ಎದ್ದು ಹೋಗಿ ಕಂಬಕ್ಕೆ ಒರಗಿ ನೆಲದ ಮೇಲೆ ಕೂತರು. ಚೈತ್ರಳ ಸ್ಲೇಟು ಅಲ್ಲೇ ಇತ್ತು. ಅದನ್ನು ತೊಡೆಯ ಮೇಲಿಟ್ಟು, ಎಡ ಮೊಣಕೈಯಿಂದ ಮರೆಮಾಡಿಕೊಂಡು ಬರೆದರು: ಇಪ್ಪತ್ತೇಳು, ಮೂವತ್ತು, ಐವತ್ತು, ಐವತ್ತೆರಡು. ಅಂಕಿಯಿಂದ ಅಂಕಿಗೆ ಒಂದೊಂದು ಕಮಾನು. ಕಮಾನುಗಳ ಮೇಲೆ ಮೂರು, ಇಪ್ಪತ್ತು, ಎರಡು. ಕೊನೆಗೆ ಮೂರನ್ನೂ ಕೂಡಿಸಿ, ಇಪ್ಪತ್ತೈದು. ನಗು ನಿಂತಿತು. ಅವರು ತಲೆಯೆತ್ತಿ ಹಲಗೆಯ ಕಡೆ ನೋಡಿದರು, ಕುತ್ತಿಗೆ ಒಳಗೆಳೆದುಕೊಂಡರು, ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಬರೆದದ್ದನ್ನೆಲ್ಲ ಒರೆಸಿದರು. ಆಮೇಲೆ ಹಲಗೆಯ ಮೇಲಿದ್ದ ಹಾಗೆ ಒಂದರ ಕೆಳಗೊಂದು ಬರೆದು, ಮೂವತ್ತೈದು ಎಂದು ಹಾಕಿದರು.

ಆ ಮೊಣಕೈ, ಆ ಕುತ್ತಿಗೆ, ಆ ಹೆಬ್ಬೆರಳು! ಚೈತ್ರಳೇ ಕೂತ ಹಾಗಿತ್ತು. ಕನ್ನಡದ ಒಂದಕ್ಷರ ಬಾರದ ಹೆಂಗಸು. ಕೋಣೆಯೊಳಗೆ ಬಂದು ಇನ್ನೂ ಅರ್ಧ ದಿನ ಆಗಿರಲಿಲ್ಲ.

ತ್ರಿಪುರಸುಂದರಿ ಬಾಗಿಲಿಗೆ ಹೋಗಿ ಕೂಗಿದಳು. ಚೈತ್ರ ಸಾರು ಮೆತ್ತಿದ ಕೈಯಲ್ಲೇ ಓಡಿಬಂದಳು. ಕಮಾನುಗಳನ್ನು ಟೀಚರ್ ಮತ್ತೆ ಬರೆದು ತೋರಿಸಿದಳು.

"ಇದನ್ನ ನೀನು ಮಾಡಿದ್ಯಾ?"

ಹುಡುಗಿಯ ಮುಖ ಬಿಳುಚಿತು. "ಅಳಿಸಿದ್ದೆ ಟೀಚರ್."

"ಎಂತಕ್ಕೆ ಅಳಿಸಿದೆ?"

"ನೀವು ಕಳೀರಿ ಅಂದ್ರಿ. ನಾನು ಇಪ್ಪತ್ತೇಳು ಐವತ್ತೆರಡಾಗಕ್ಕೆ ಎಷ್ಟು ಕಮ್ಮಿ ಬಿದ್ದಿದೆ ಅಂತ ನೋಡಿದ್ದೆ, ಅಷ್ಟೇ."

ಸುಬ್ಬರಾಯರು ಮೆಲ್ಲಗೆ, "ನಿಮ್ಮ ಹೆಸರು ಕೊಪ್ಪಕ್ಕೆ ಕಳಿಸಲೋ ಬೇಡವೋ, ನನಗೆ ಗೊತ್ತಾಗ್ತಿಲ್ಲ ಟೀಚರ್," ಅಂದರು.

"ಕೊಪ್ಪದ ಮಾತು ಆಮೇಲೆ ಸರ್. ಊಟ ಆದ್ಮೇಲೆ ಪಾಠ ವೀರಬಸಮ್ಮನದ್ದಲ್ವಾ?"

ಮಧ್ಯಾಹ್ನ ತ್ರಿಪುರಸುಂದರಿ ಇನ್ನೊಂದು ಕುರ್ಚಿ ತಂದು ಕಜುಕೊ ಪಕ್ಕ ಹಾಕಿಕೊಂಡು ಕೂತಳು, ಹಲಗೆಗೆ ಬೆನ್ನು ಮಾಡಿ. ಹಿಂದಿನಿಂದ ವೀರಬಸಮ್ಮನ ದನಿ ಬಂತು: "ಏನ್ರೀ, ನೀವೂ ನನಗ ಬೆನ್ನು ತಿರುಗ್ಸಿಬಿಟ್ರಾ?"

ಅವಳು ತಿರುಗಲಿಲ್ಲ. ಕಂಬದ ಬುಡದಲ್ಲಿ ಒಂದು ಹೆಬ್ಬೆರಳು ನಾಲಿಗೆಗೆ ತಾಗಿ, ಸ್ಲೇಟಿನ ಕಡೆ ಇಳಿಯುತ್ತಿತ್ತು.

"ಒಂದು ಚೂರು ತಡಿ ಮಗಾ," ಎಂದು ತ್ರಿಪುರಸುಂದರಿ ಕುರ್ಚಿಯಿಂದ ಅರ್ಧ ಎದ್ದಿದ್ದಳು. "ಅಳಿಸಬೇಡ. ನಾನಿನ್ನೂ ನೋಡಿಲ್ಲ."