ಕಜ್ಜಾಯವೋ, ಅತಿರಸವೋ

ಗೋಡೆ ಅದುರಿತು. ಮೊಳೆಯಲ್ಲಿದ್ದ ಕ್ಯಾಲೆಂಡರು ಕಳಚಿ ಸೋಫಾದ ಹಿಂದೆ ಬಿತ್ತು. ಪಕ್ಕದ ಮನೆಯಲ್ಲಿ ಯಾರೋ ಯಾರನ್ನೋ ಗೋಡೆಗೆ ಅಪ್ಪಳಿಸಿದಂಥ ಸದ್ದು. ಅದರ ಬೆನ್ನಿಗೇ ಸೌದಾಮಿನಿಯ ಚೀರಾಟ.

"ನಿಲ್ಸಿ! ಸಾಕು, ನಿಲ್ಸಿ! ಸಾಯಿಸ್ತೀರಾ?"

ಅಡುಗೆಮನೆಯ ನೆಲದ ಮೇಲಿದ್ದ ವಸುಧಾ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಅವಳ ಗಂಡ ಶ್ರೀಕಂಠ ಗೋಡೆಯನ್ನೇ ದುರುಗುಟ್ಟಿ ನೋಡಿದ. ಆಮೇಲೆ ನಲ್ಲಿ ತಿರುಗಿಸಿ ಕೈ ತೊಳೆದುಕೊಂಡ.

"ಮಂಗಳೂರಿನ ಜನ, ಒರಟರು. ಗಂಡ ಹೆಂಡ್ತಿ ಮಧ್ಯೆ ನೀನು ತಲೆ ಹಾಕ್ಬೇಡ," ಅಂದ.

ಆ ಸಂಜೆ ಕಜ್ಜಾಯ ಅರ್ಧಕ್ಕೇ ನಿಂತಿತು.

ಕಜ್ಜಾಯದಿಂದಲೇ ವಸುಧಾ, ಸೌದಾಮಿನಿಯರ ಸ್ನೇಹ ಬೆಳೆದದ್ದು. ಅಮೆರಿಕದ ಲಿವರ್‌ಮೋರ್‌ನ ಆ ಅಪಾರ್ಟ್‌ಮೆಂಟಿನಲ್ಲಿ ಕನ್ನಡದ ಮನೆಗಳು ಎರಡೇ. ಬೆಳಿಗ್ಗೆ ಗಂಡಂದಿರು ಕಾರು ತೆಗೆದುಕೊಂಡು ಹೋದರೆ ಹೆಂಗಸರು ನಡೆದು ಹೋಗುವಂಥ ಜಾಗ ಒಂದೂ ಇರಲಿಲ್ಲ. ಎಂಬತ್ತೈದರ ದೀಪಾವಳಿಗೆ ಮೈಸೂರಿನ ವಸುಧಾ ಕಜ್ಜಾಯ ಕರಿದು ಪಕ್ಕದ ಮನೆಗೆ ಕೊಟ್ಟಳು. ಸೌದಾಮಿನಿ ಅದೇ ತಟ್ಟೆಯಲ್ಲಿ ಅತಿರಸ ಇಟ್ಟು ವಾಪಸ್ಸು ತಂದಳು. ಎರಡಕ್ಕೂ ಅದೇ ಅಕ್ಕಿಹಿಟ್ಟು, ಅದೇ ಬೆಲ್ಲ. ಜಗಳಕ್ಕೆ ಅಷ್ಟು ಸಾಕಾಯಿತು.

"ಇದೆಂತ ವಸುಧಕ್ಕ, ಹೀಗೆ ಉಬ್ಬಿ ಕೂತಿದೆ? ಅತಿರಸಕ್ಕೆ ಗಾಳಿ ಹಾಕಿದ್ದಾ?"

"ನಿಮ್ದೇನು, ಟ್ರಕ್ಕಿನ ಚಕ್ರಕ್ಕೆ ಸಿಕ್ಕಿತ್ತಾ?"

"ಎಳ್ಳು ಉಂಟು ನಮ್ಮದರಲ್ಲಿ, ಎಳ್ಳು! ನಿಮ್ಮದರಲ್ಲಿ ಎಂತ ಉಂಟು?"

"ನಮ್ದು ತಿಂದ್ರೆ ಹಲ್ಲು ಉಳಿಯುತ್ತೆ ಕಣ್ರೀ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಊರಿನಲ್ಲಿ ಆಗ ಕಟ್ಟುತ್ತಿದ್ದ ದೇವಸ್ಥಾನ ಮುಗಿದ ದಿನ ಎರಡನ್ನೂ ನೈವೇದ್ಯಕ್ಕಿಟ್ಟು, ಯಾವುದು ರುಚಿ ಎಂದು ದೇವರನ್ನೇ ಕೇಳುವುದೆಂದು ತೀರ್ಮಾನವಾಯಿತು.

ಮುಂದೊಂದು ದಿನ ಸೌದಾಮಿನಿ ಕಣ್ಣು ಮಿಟುಕಿಸಿದಳು. "ನಿನ್ನೆಯೂ ಕಜ್ಜಾಯವಾ? ನಿಮ್ಮ ಯಜಮಾನ್ರು 'ಕಜ್ಜಾಯ ಬೇಕಾ, ಕಜ್ಜಾಯ' ಅಂತ ಕೇಳುದು ನಮ್ಮ ಹಾಲಿಗೇ ಕೇಳ್ತದೆ. ಎಣ್ಣೆ ವಾಸನೆ ಮಾತ್ರ ಬರುದೇ ಇಲ್ಲ. ನಮಗೊಂದು ತುಂಡೂ ಇಲ್ಲ!"

"ಕಿಟಕಿ ಹಾಕಿರ್ತೀವಿ," ಎಂದಳು ವಸುಧಾ.

ಅದಾದ ಕೆಲವೇ ದಿನಗಳಲ್ಲಿ ಸೌದಾಮಿನಿ ಬದಲಾದಳು. ಅತಿರಸದ ಮಾತೇ ಎತ್ತಲಿಲ್ಲ. ವಸುಧಾ ಕೆಣಕಿದರೆ ಮುಖ ಬಿಳಿಚಿಕೊಂಡು, "ಆ ಕಜ್ಜಾಯದ ಸುದ್ದಿ ಬೇಡ ವಸುಧಕ್ಕ," ಅಂದಳು. ಅದೇ ವಾರ ಗೋಡೆಯ ಸದ್ದು ಶುರುವಾಯಿತು. ಇಲ್ಲಿ ಕಜ್ಜಾಯ ನಡೆಯುವ ಹೊತ್ತಿಗೇ ಅಲ್ಲಿಯ ಹೊಡೆದಾಟ. ಗಂಡಸರು ಆಫೀಸಿನಿಂದ ಬರುವ ಹೊತ್ತು ತಾನೇ ಎಂದುಕೊಂಡಳು ವಸುಧಾ.

ಒಮ್ಮೆ ಪಾರ್ಕಿಂಗ್ ಲಾಟಿನಲ್ಲಿ ಸೌದಾಮಿನಿಯ ಗಂಡ ಜಯರಾಜ್ ಎದುರಾದ. ಅವನ ಬಲಗೈಯ ಗೆಣ್ಣುಗಳು ಊದಿಕೊಂಡು ಚರ್ಮ ಕಿತ್ತುಬಂದಿತ್ತು. ವಸುಧಾಳನ್ನು ಕಂಡವನೇ ತಲೆ ತಗ್ಗಿಸಿ ಕಾರಿನೊಳಗೆ ಕೂತ. ಕೈ ಒಡೆಯುವ ಹಾಗೆ ಹೆಂಡತಿಯನ್ನು ಬಡಿಯುವ ಮನುಷ್ಯ! ಆದರೂ ಸೌದಾಮಿನಿಯ ಮುಖದ ಮೇಲೆ ಒಂದು ಗೀರೂ ಇರಲಿಲ್ಲ. ಕಾಣದ ಕಡೆ ಹೊಡೆಯುತ್ತಾನೆ. ಅಂಥವರೂ ಇರುತ್ತಾರೆಂದು ವಸುಧಾಳಿಗೆ ಗೊತ್ತಿತ್ತು.

ಹೇಳಲೇ, ಬೇಡವೇ? ತಾನು ತಪ್ಪು ತಿಳಿದಿದ್ದರೆ ಒಂದು ಸಂಸಾರ ಹಾಳಾಗುತ್ತದೆ. ಹೇಳದೆ ಅವಳು ಸತ್ತೇಹೋದರೆ?

ಬಟ್ಟೆ ಒಗೆಯುವ ಕೋಣೆಯಲ್ಲಿ ಸೌದಾಮಿನಿಯೇ ಅವಳ ಕೈ ಹಿಡಿದುಕೊಂಡಳು. "ನಮ್ಮಲ್ಲಿಗೆ ಬನ್ನಿ ವಸುಧಕ್ಕ. ಸ್ವಲ್ಪ ದಿನ ನಮ್ಮಲ್ಲೇ ಇರಿ."

ಗಂಡನ ಜೊತೆ ಒಂಟಿಯಾಗಿರಲು ಇಷ್ಟು ಹೆದರಿಕೆಯೇ! ವಸುಧಾಳಿಗೆ ಎಂದೂ ಇಲ್ಲದ ಧೈರ್ಯ ಬಂತು.

"ಹಾಗೆ ಎಷ್ಟು ದಿನ ಅಂತ? ಪೊಲೀಸರಿಗೆ ಹೇಳ್ಬೇಕು ಸೌದಾಮಿನಿ. ಒಂದಿನ ಜೀವ ಹೋಗುತ್ತೆ."

ಸೌದಾಮಿನಿ ಅವಳ ಮುಖವನ್ನೇ ದಿಟ್ಟಿಸಿದಳು. "ಹೇಳ್ಬಹುದಾ? ನೀವು ಹೂಂ ಅನ್ನದೆ ಹೇಗೆ ಅಂತ ಸುಮ್ಮನಿದ್ದೆ."

ಅಕ್ಕನೆಂದು ತಿಳಿದು ಅಪ್ಪಣೆ ಕೇಳುತ್ತಿದ್ದಾಳೆ, ಪಾಪ. "ಹೂಂ. ಮುಂದಿನ ಸಲ ಕೈ ಎತ್ತಿದ ಕೂಡ್ಲೇ."

"ದೇವರಾಣೆ?"

"ದೇವರಾಣೆ."

ಶನಿವಾರ ಸಂಜೆ ಊಟಕ್ಕೆ ಮೊದಲೇ ಕಜ್ಜಾಯ ಶುರುವಾಗಿತ್ತು. ಗೋಡೆ ಗುಡುಗಿತು. ಒಮ್ಮೆಯಲ್ಲ, ಬಿಡುವಿಲ್ಲದೆ. ಸೌದಾಮಿನಿ ಗಂಟಲು ಹರಿಯುವಂತೆ ಕೂಗಿದಳು. ಜಯರಾಜ್ ಅಬ್ಬರಿಸಿದ: "ಬಾಗಿಲು ತೆಗಿ! ತೆಗೀದಿದ್ರೆ ಒಡೀತೇನೆ!" ಬಚ್ಚಲಿನಲ್ಲಿ ಚಿಲಕ ಹಾಕಿಕೊಂಡಿದ್ದಾಳೆ, ಎಂದುಕೊಂಡಳು ವಸುಧಾ. ಧಡ್ ಎಂದು ಹಲಗೆ ಬಿರಿದ ಸದ್ದು. ಗಾಜೊಂದು ಚೂರುಚೂರಾಯಿತು. ಎಲ್ಲಿ, ಯಾವ ಕಡೆ ಎಂದು ತಿಳಿಯದಷ್ಟು ಅವಳ ತಲೆ ಗಿರ್ರೆನ್ನುತ್ತಿತ್ತು.

ಆಮೇಲೆ ಏನೂ ಕೇಳಿಸಲಿಲ್ಲ.

ಮುಗಿಸಿಬಿಟ್ಟ. ಕೊಂದುಬಿಟ್ಟ. ವಸುಧಾ ನೆಲದಿಂದ ಎದ್ದಳು. ಗೋಡೆ ಹಿಡಿದು ಫೋನಿನ ಕಡೆ ನಡೆಯುವಷ್ಟರಲ್ಲಿ ಕೆಳಗೆ ಸೈರನ್ ಕೂಗಿತು. ಮೆಟ್ಟಿಲ ಮೇಲೆ ಬೂಟುಗಳು ಓಡಿಬಂದವು. ಸೌದಾಮಿನಿ ಫೋನ್ ಮಾಡಿದ್ದಾಳೆ! ಬದುಕಿದ್ದಾಳೆ! ವಸುಧಾ ಓಡಿಹೋಗಿ ಬಾಗಿಲು ತೆರೆದಳು.

"ನೆಕ್ಸ್ಟ್ ಡೋರ್! ಪ್ಲೀಸ್, ನೆಕ್ಸ್ಟ್ ಡೋರ್!" ಎಂದು ಕೈ ತೋರಿಸಿದಳು.

ಪೊಲೀಸರು ಅತ್ತ ತಿರುಗಲಿಲ್ಲ. ಅವಳನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, ಅಡುಗೆಮನೆಯಲ್ಲಿದ್ದ ಶ್ರೀಕಂಠನತ್ತ ನಡೆದರು. ಅವರ ಹಿಂದೆ, ವಸುಧಾಳ ಬಾಗಿಲಿನ ಒಡೆದ ಹಲಗೆಯ ಪಕ್ಕ, ಸೌದಾಮಿನಿ ಮತ್ತು ಜಯರಾಜ್ ನಿಂತಿದ್ದರು.

"ಗೋಡೆ ಗುದ್ದಿದ್ದು ನಾವು ವಸುಧಕ್ಕ," ಎಂದಳು ಸೌದಾಮಿನಿ, ಅಳುತ್ತ. "ನಿಮ್ಮ ಯಜಮಾನ್ರು ಹೊಡೆಯುದು ನಿಲ್ಲಿಸ್ಲಿ ಅಂತ."

"ಅಯ್ಯೋ, ಹೊಡೀತಾರೆ ಅಂತ ಯಾರು ಹೇಳಿದ್ದು?" ವಸುಧಾ ಒಡೆದ ತುಟಿಯ ರಕ್ತವನ್ನು ಸೆರಗಿನಿಂದ ಒರೆಸಿಕೊಂಡಳು. "ಅದು ಬರೀ ಕಜ್ಜಾಯ ಕಣ್ರೀ."